ಗರುಡ ಹಿಂದಕ್ಕೆ ಹಾರಿದ ದಿನ

"ಸಾರ್, ನಿಮ್ಮ ಗರುಡ ಹಿಂದಕ್ಕೆ ಹಾರ್ತಾ ಇದೆ."

ಪ್ರದರ್ಶನ ಶುರುವಾಗಿ ಮೂರನೇ ದಿನ. ನಾನು ಅದೇ ಬೆಳಿಗ್ಗೆ ಬೆಂಗಳೂರಿಂದ ವಾಪಸ್ ಬಂದು, ಕೊಪ್ಪಳದಲ್ಲಿ ಅಪ್ಪನ ಅಂಗಡಿ ಕಟ್ಟೆ ಮೇಲೆ ಕೂತು ಚಹಾ ಕುಡೀತಿದ್ದೆ. ಫೋನ್ ಮಾಡಿದ ಗ್ಯಾಲರಿ ಹುಡುಗನ ದನಿಯಲ್ಲಿ ಗಾಬರಿಗಿಂತ ನಗುವೇ ಜಾಸ್ತಿ ಇತ್ತು. ರೆಕ್ಕೆ ಸರಿಯಾಗೇ ಬಡೀತಿದೆಯಂತೆ, ಹಕ್ಕಿ ಮಾತ್ರ ಮುಖ ಮುಂದೆ ಇಟ್ಟುಕೊಂಡು ಹಿಂದಕ್ಕೆ ಸರೀತಿದೆಯಂತೆ. ನೋಡಲು ಬಂದವರು ಇದೇ ಕಲೆ ಅಂದುಕೊಂಡು ವಿಡಿಯೋ ಮಾಡ್ಕೊಂಡು ಹೋಗ್ತಿದ್ದಾರಂತೆ.

ಅಪ್ಪ ಅಷ್ಟಕ್ಕೇ ಕೇಳಿದರು, "ಬುಶ್‌ಗೆ ಎಣ್ಣಿ ಬಿಟ್ಟಿದ್ದೇನು?"

ಬುಶ್ ಅಂದರೆ ಚಕ್ರದ ಅಚ್ಚು ಕೂತು ತಿರುಗುವ ಬಳೆ. ಬಿಟ್ಟಿರಲಿಲ್ಲ.

ನಾನು ಮಾಡೋದು ಚಲಿಸುವ ಶಿಲ್ಪ. ತಿರುಗೋದು, ತೂಗೋದು, ಇಲ್ಲಾ ತಿರುಗದೇ ಇದ್ದರೂ ತಿರುಗಿದ ಹಾಗೆ ಕಾಣೋದು. ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್ ಸುಟ್ಟುಕೊಂಡು ರೈತರು ಬರ್ತಾರೆ, ಅಪ್ಪ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡ್ತಾರೆ. ನಾನು ಚಿತ್ರಕಲೆ ಓದಲು ಹೋದಾಗ ಅವರಿಗೆ ಅಷ್ಟೇನೂ ಖುಷಿ ಆಗಿರಲಿಲ್ಲ. ಈಗ ನನ್ನ ಕೆಲಸದ ಅರ್ಧ ಭಾಗ ಅವರ ಬೆಂಚಿನ ಮೇಲೇ ಆಗುತ್ತದೆ, ಮತ್ತು ಎಲ್ಲಿ ತಪ್ಪಿದೆ ಅಂತ ನನಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

ಈ ಹುಚ್ಚು ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಹಂಪಿ ಹೆಸರು ಹೇಳ್ತೇನೆ. ವಿರೂಪಾಕ್ಷ ಗುಡಿಯಲ್ಲಿ ಗರ್ಭಗುಡಿಯ ಹಿಂದೆ ಒಂದು ಕತ್ತಲೆ ಜಾಗ ಇದೆ, ಹೋದವರಿಗೆ ಗೊತ್ತು. ಅಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕಿನಲ್ಲಿ ದೊಡ್ಡ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಆರೇಳು ವರ್ಷದವನಿದ್ದಾಗ ಅಜ್ಜ ನನ್ನನ್ನು ಎತ್ತಿ ತೋರಿಸಿದರು. ಗೋಡೆಗೆ ಯಾರೋ ಬರೆದಿದ್ದಾರೆ ಅಂದುಕೊಂಡು ಕೈ ಹಚ್ಚಿದೆ. ಗೋಪುರ ನನ್ನ ಅಂಗೈ ಮೇಲೆ ಬಂತು. ಕೈ ತೆಗೆದೆ, ಮತ್ತೆ ಗೋಡೆಗೆ ಹೋಯಿತು. ಬೆಳಕು ನೆಟ್ಟಗೆ ಹೋಗುತ್ತದೆ, ಕಿಂಡಿ ಸಣ್ಣದಾದ್ದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಇಷ್ಟೇ ವಿಷಯ. ಇದನ್ನು ಹೈಸ್ಕೂಲಿನಲ್ಲಿ ಓದಿದಾಗ ಬೆರಗು ಕಮ್ಮಿ ಆಗಬೇಕಿತ್ತು ಅಲ್ವಾ, ಆಗಲಿಲ್ಲ.

ಬೆಂಗಳೂರಿಗೆ ಎರಡು ಕೆಲಸ ಕಳಿಸುವುದು ಅಂತ ಮಾತಾಗಿತ್ತು. ಒಂದು ಮುಖವಾಡ, ಒಂದು ಗರುಡನ ಚಕ್ರ. ಎರಡಕ್ಕೂ ಕಿನ್ನಾಳದ ಕಾಕಾ ಬೇಕೇ ಬೇಕು. ಕಾಕಾ ಅಂದರೆ ರಕ್ತಸಂಬಂಧ ಅಲ್ಲ, ಕಿನ್ನಾಳ ಗೊಂಬೆ ಮಾಡುವ ಚಿತ್ರಗಾರರ ಮನೆಯ ಹಿರಿಯರು. ನಾನು ಕಾಲೇಜಿನಲ್ಲಿದ್ದಾಗಿಂದ ಅವರ ಮನೆಗೆ ಹೋಗಿ ಬಂದು ಮಾಡ್ತೇನೆ.

ಕಿನ್ನಾಳ ಗೊಂಬೆ ನೋಡಿದವರು ಬಣ್ಣ ನೋಡಿರ್ತಾರೆ, ಅದರ ಹೊಟ್ಟೆಯೊಳಗೆ ಏನಿದೆ ಅಂತ ಜಾಸ್ತಿ ಜನ ನೋಡಿರೋದಿಲ್ಲ. ಹಗುರ ಮರ. ಅದರ ಮೇಲೆ ಹುಣಸೆ ಬೀಜದ ಅಂಟಿನಲ್ಲಿ ಅದ್ದಿದ ಬಟ್ಟೆ ಚೂರು. ಅದರ ಮೇಲೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಮೆತ್ತಗಿನ ಹಿಟ್ಟು. ಗರುಡನ ಮೂಗಿನ ಏರು, ಕಿರೀಟದ ಮುತ್ತು, ಎಲ್ಲಾ ಈ ಹಿಟ್ಟಿನಲ್ಲೇ ಏಳೋದು. ಕಾಕಾ ಅದನ್ನು ಬೆರಳ ತುದಿಯಲ್ಲಿ ತೆಗೆದು ಹೇಗೆ ಹಚ್ಚುತ್ತಾರೆ ಅಂದರೆ, ರೊಟ್ಟಿ ತಟ್ಟುವವರು ಅಂಚು ತೆಳ್ಳಗೆ ಮಾಡೋಕೆ ಬೆರಳು ಆಡಿಸ್ತಾರಲ್ಲ, ಹಾಗೆ. ಒತ್ತಿದ ಗುರುತೇ ಉಳಿಯೋದಿಲ್ಲ.

ಮುಖವಾಡದ ವಿಷಯ ಅವರಿಗೆ ಒಪ್ಪಿಸೋದೇ ಒಂದು ವಾರ ಹಿಡೀತು.

ನನಗೆ ಬೇಕಿದ್ದದ್ದು ಎರಡು ಕಡೆ ಮುಖ ಇರುವ ಮುಖವಾಡ. ಹೊರಗಡೆ ಉಬ್ಬಿದ ಮುಖ, ಎಲ್ಲರಿಗೂ ಗೊತ್ತಿರುವಂಥದ್ದು. ಒಳಗಡೆ ತಗ್ಗು, ಮೂಗು ಆಚೆ ಕಡೆ ಹೋಗಿರುತ್ತದೆ, ಆ ತಗ್ಗಿಗೂ ಪೂರ್ತಿ ಬಣ್ಣ, ಕಣ್ಣು, ತುಟಿ, ಹಣೆ ಬೊಟ್ಟು. ಅದು ನಿಧಾನ ತಿರುಗಬೇಕು. ಉಬ್ಬಿದ ಕಡೆ ಬಂದಾಗ ಸರಿಯಾಗಿ ತಿರುಗಿದ ಹಾಗೆ ಕಾಣುತ್ತದೆ. ತಗ್ಗಿನ ಕಡೆ ಬಂದ ಕೂಡಲೇ ಅದೂ ಉಬ್ಬಿದ ಮುಖ ಅಂತಲೇ ಕಾಣುತ್ತದೆ, ಮತ್ತು ಉಲ್ಟಾ ತಿರುಗಲು ಶುರು ಮಾಡುತ್ತದೆ. ಮೋಟರ್ ಒಂದೇ ದಿಕ್ಕಿಗೆ ಹೋಗ್ತಾ ಇರುತ್ತದೆ, ಮುಖ ಮಾತ್ರ ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡುವವರ ಹಾಗೆ ಹೊರಳುತ್ತದೆ. ಇದು ನನ್ನ ಉಪಾಯ ಏನಲ್ಲ, ಕಣ್ಣು ಮತ್ತು ಮಿದುಳಿನ ಬಗ್ಗೆ ಕೆಲಸ ಮಾಡುವವರು ಬಹಳ ವರ್ಷಗಳಿಂದ ತೋರಿಸುತ್ತಾ ಬಂದದ್ದು. ಹುಟ್ಟಿದಾಗಿಂದ ನಾವು ನೋಡಿದ ಮುಖಗಳೆಲ್ಲಾ ಉಬ್ಬಿದವೇ. ತಗ್ಗಿದ ಮುಖ ಅಂತ ಒಂದಿರುತ್ತದೆ ಅಂತ ಒಪ್ಪೋಕೆ ಮಿದುಳು ತಯಾರೇ ಇರೋದಿಲ್ಲ.

ಕಾಕಾ ಕೇಳಿದ್ದು ಒಂದೇ. "ಒಳಗ ಬಣ್ಣ ಹಚ್ಚೋದಾ? ಒಳಗ ಯಾರ್ ನೋಡ್ತಾರಪಾ?"

ಮಾಡಿದರು. ಬೋಗುಣಿಯೊಳಗೆ ಕೈ ಹಾಕಿ ಬರೆದ ಹಾಗೆ, ಕುಂಚ ಅಡ್ಡ ಹಿಡಿದು, ನನಗೆ ಬೈದುಕೊಂಡು. ಆಮೇಲೆ ಅಭ್ಯಾಸದಂತೆ ಮೇಲೆ ವಾರ್ನಿಶ್ ಹೊಡೆದುಬಿಟ್ಟರು. ಕಿನ್ನಾಳ ಗೊಂಬೆ ಅಂದರೆ ಮಿರಮಿರ ಮಿಂಚಬೇಕು, ಅದು ಅದರ ಚೆಂದ. ಆದರೆ ತಗ್ಗಿನಲ್ಲಿ ಮಿಂಚು ಬಂದರೆ ಕೆಟ್ಟಿತು. ಆ ಹೊಳಪಿನ ಚುಕ್ಕೆ ತಗ್ಗಿನ ಲೆಕ್ಕದಲ್ಲಿ ಓಡಾಡುತ್ತದೆ, ಇದು ಮುಖ ಅಲ್ಲ ಬಟ್ಟಲು ಅಂತ ಹೇಳಿಕೊಟ್ಟುಬಿಡುತ್ತದೆ. ನಾನು ಅವರ ಎದುರಿಗೇ ಪಾಲಿಶ್ ಕಾಗದ ತೆಗೆದುಕೊಂಡು ಮೆಲ್ಲಗೆ ಉಜ್ಜಲು ಕೂತೆ. ಅವರು ಎದ್ದು ಹೊರಗೆ ಹೋದರು. ನೋಡಲಾಗಲಿಲ್ಲ ಅನ್ಸುತ್ತೆ. ನನಗೂ ಆ ಒಂದು ಗಂಟೆ ನೆನಪಿಸಿಕೊಳ್ಳೋಕೆ ಇಷ್ಟ ಇಲ್ಲ.

ಸಂಜೆ ಮುಖವಾಡವನ್ನು ದಾರಕ್ಕೆ ಕಟ್ಟಿ ತೊಲೆಗೆ ಇಳಿಬಿಟ್ಟು, ಹುರಿ ತಿರುವಿ ಬಿಟ್ಟೆ. ಕಾಕಾ ಬಾಗಿಲಲ್ಲೇ ನಿಂತಿದ್ದರು.

"ಏ! ತಿರುಗಿ ನೋಡಕತ್ತೈತಿ!"

ಹತ್ತಿರ ಬಂದು ತಗ್ಗಿನೊಳಗೆ ಕೈ ಹಾಕಿ ನೋಡಿದರು. ಕೈ ಹಾಕಿದಾಗ ತಗ್ಗೇ. "ಗೊತ್ತಾತು ಬಿಡು" ಅಂತ ಹೇಳಿ ನಾಲ್ಕು ಹೆಜ್ಜೆ ಹಿಂದೆ ಸರಿದರು. ಮುಖ ಮತ್ತೆ ಎದ್ದು ಬಂತು. ತಾವೇ ಬಣ್ಣ ಹಚ್ಚಿದ್ದು, ತಾವೇ ಕೈ ಹಾಕಿದ್ದು, ಆದರೂ ಕಣ್ಣು ಕೇಳೋದಿಲ್ಲ. ಅಂದು ಅವರು ನಾಲ್ಕೈದು ಸಲ ಮುಂದೆ ಹೋದರು, ಹಿಂದೆ ಬಂದರು. ಹತ್ತಿರದಲ್ಲಿ ಎರಡು ಕಣ್ಣು ಸೇರಿ ಆಳ ಅಳೆದುಬಿಡುತ್ತವೆ, ದೂರ ಸರಿದಷ್ಟೂ ಅಳತೆ ಸಡಿಲ ಆಗುತ್ತದೆ. ಒಂದು ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಫೋನಿನ ಕ್ಯಾಮೆರಾಗೆ ಒಂದೇ ಕಣ್ಣಲ್ವಾ, ಅದರಲ್ಲಂತೂ ತಗ್ಗು ಅಂತ ಯಾರೂ ನಂಬೋದೇ ಇಲ್ಲ. ಇದನ್ನು ಫೋನಿನಲ್ಲಿ ನೋಡಿದವರಿಗೆ ಎದುರು ನಿಂತು ನೋಡಿದವರಿಗಿಂತ ಜಾಸ್ತಿ ಸಿಗುತ್ತದೆ ಅನ್ನೋದು ಶಿಲ್ಪಿಯಾಗಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಗರುಡನ ಚಕ್ರ ಬೇರೆ ಥರದ ತಲೆನೋವು. ಇದರ ಮೂಲ ಹಳೇದು. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ತಿರುಗುವ ತಟ್ಟೆ ಮೇಲೆ ಚಿತ್ರ ಬರೆದು ಚಲನೆ ತೋರಿಸಿದ, 1834ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ನರ್ ಅದನ್ನು ಸೀಳುಗಳಿರುವ ಡಬ್ಬಿ ಮಾಡಿದ. ಸಿನಿಮಾಗಿಂತ ಅರವತ್ತು ವರ್ಷ ಮುಂಚೆ. ನಾನು ಚಿತ್ರದ ಬದಲು ಗೊಂಬೆ ಇಟ್ಟೆ, ಸೀಳಿನ ಬದಲು ಮಿಣುಕುವ ಎಲ್‌ಇಡಿ ಹಾಕಿದೆ. 80 ಸೆಂಟಿಮೀಟರ್ ಅಗಲದ ಚಕ್ರ, ಅಂಚಿಗೆ 16 ಗರುಡ, ಪ್ರತಿಯೊಂದರ ರೆಕ್ಕೆ ಹಿಂದಿನದಕ್ಕಿಂತ ಸ್ವಲ್ಪ ಮೇಲೆ ಅಥವಾ ಕೆಳಗೆ. ಚಕ್ರ ನಿಮಿಷಕ್ಕೆ 45 ಸುತ್ತು ತಿರುಗಿದರೆ ಸೆಕೆಂಡಿಗೆ 12 ಗರುಡ ಒಂದು ಜಾಗ ದಾಟುತ್ತವೆ. ಸೆಕೆಂಡಿಗೆ 12 ಸಲ ದೀಪ ಮಿಣುಕಿಸಿದರೆ ಚಕ್ರ ನಿಂತ ಹಾಗೆ, ಗರುಡಗಳು ನಿಂತಲ್ಲೇ ರೆಕ್ಕೆ ಬಡಿದ ಹಾಗೆ ಕಾಣುತ್ತದೆ. ದೀಪ ಸುಮ್ನೆ ಹತ್ತಿಸಿಟ್ಟರೆ ಬರೀ ಕೆಂಪು ಹಸಿರು ಗೆರೆ.

ಕಾಕಾಗೆ ಇಲ್ಲೂ ತಕರಾರು. 16 ಗರುಡನ ಮೈ ಒಂದೇ ಥರ ಇರಬೇಕು ಅಂದೆ. ಎರಡು ಮಿಲಿಮೀಟರ್ ಫರಕಾದರೂ ಮಿಣುಕಿನಲ್ಲಿ ಮೈ ನಡುಗಿದ ಹಾಗೆ ಕಾಣುತ್ತದೆ. "ಎರಡು ಗೊಂಬಿ ಒಂದ ನಮೂನಿ ಬಂದ್ರ ಅದು ಮಶೀನಿನ ಕೆಲಸ, ನಂದಲ್ಲ" ಅಂದರು. ಕೊನೆಗೆ ಮೈಯನ್ನು ಅಚ್ಚಿನಲ್ಲಿ ತೆಗೆಯೋದು, ಮುಖ ಮಾತ್ರ ಅವರ ಕೈಯಲ್ಲಿ ಅಂತ ರಾಜಿ ಆಯಿತು. ಚಕ್ರ ತಿರುಗಿದಾಗ ಮೈ ಗಟ್ಟಿಯಾಗಿ ನಿಂತಿತು, ಕಣ್ಣುಗಳು ಮಾತ್ರ ಪಿಳಿಪಿಳಿ. ಹದಿನಾರು ಜೊತೆ ಕಣ್ಣು, ಒಂದೊಂದೂ ಕೂದಲೆಳೆಯಷ್ಟು ಬೇರೆ. ನಾನು ಬೇಡ ಅಂದಿದ್ದ ಆ ಫರಕೇ ಇಡೀ ಕೆಲಸದಲ್ಲಿ ಜೀವ ಇರುವ ಜಾಗ. ಇದನ್ನು ಕಾಕಾಗೆ ಇನ್ನೂ ಹೇಳಿಲ್ಲ, ಹೇಳಿದರೆ ವಾರ್ನಿಶ್ ವಿಷಯ ಮತ್ತೆ ಎತ್ತುತ್ತಾರೆ.

ಮೊದಲ ಸಲ ಓಡಿಸಿದಾಗ ಗೊಂಬೆಗಳು ಮಸುಕು ಮಸುಕು. ನಾನು ಕಾರ್ಡ್‌ಬೋರ್ಡ್ ಅಡ್ಡ ಇಟ್ಟೆ, ಕೋಣೆ ಕತ್ತಲೆ ಮಾಡಿದೆ, ಏನೂ ಆಗಲಿಲ್ಲ. ಅಪ್ಪ ಊಟ ಮುಗಿಸಿ ಬಂದು ನೋಡಿ, "ದೀಪ ಹತ್ತಿದಾಗ ಎಷ್ಟೊತ್ತು ಹತ್ತಿರ್ತೈತಿ, ಲೆಕ್ಕ ಹಾಕೀಯೇನು?" ಅಂದರು. 5 ಮಿಲಿಸೆಕೆಂಡ್ ಇಟ್ಟಿದ್ದೆ. ಅಂಚು ಸೆಕೆಂಡಿಗೆ ಹೆಚ್ಚುಕಮ್ಮಿ 1.9 ಮೀಟರ್ ಓಡುತ್ತದೆ, ಅಂದರೆ 5 ಮಿಲಿಸೆಕೆಂಡಿನಲ್ಲಿ ಗರುಡ ಒಂದು ಸೆಂಟಿಮೀಟರಿನಷ್ಟು ಸರಿದುಬಿಟ್ಟಿರುತ್ತದೆ. ಅರ್ಧ ಮಿಲಿಸೆಕೆಂಡಿಗೆ ಇಳಿಸಿದೆ, ಒಂದು ಮಿಲಿಮೀಟರ್. ಗರುಡನ ಎದೆ ಮೇಲಿನ ಸರದ ಮುತ್ತು ಎಣಿಸಬಹುದಿತ್ತು. ಆದರೆ ಬೆಳಕು ಹತ್ತರಲ್ಲಿ ಒಂದು ಪಾಲು ಆಯಿತು, ಅದಕ್ಕೆ ಎಲ್‌ಇಡಿ ಬದಲಾಯಿಸಿ ದೊಡ್ಡದು ಹಾಕಿದ್ದು, ಅದು ಕಾದು, ಶಾಖ ಹೀರುವ ಲೋಹದ ತುಂಡು, ಹೀಟ್ ಸಿಂಕ್, ಬೇಕಾಗಿದ್ದು, ಅದನ್ನು ಅಪ್ಪನ ಗುಜರಿ ಡಬ್ಬಿಯಲ್ಲಿ ಹುಡುಕಿದ್ದು... ಇದು ಹೀಗೇ ಹೋಗುತ್ತದೆ, ಬಿಡಿ.

ಗ್ಯಾಲರಿಯವರು ಫಾರ್ಮ್ ಕಳಿಸಿದರು. ಅಳತೆ, ತೂಕ, ಎಷ್ಟು ವ್ಯಾಟ್ ಎಳೆಯುತ್ತದೆ, ಇನ್ಶೂರೆನ್ಸಿಗೆ ಎಷ್ಟು ಬೆಲೆ ಬರೆಯಬೇಕು, ಈಗಾಗಲೇ ಇರುವ ಗೀರು ಬಿರುಕುಗಳ ಫೋಟೋ. ಈ ಕೊನೆಯದು ಬಹಳ ಮುಖ್ಯ, ಮೊದಲ ಸಲ ಕಳಿಸುವವರು ತಾತ್ಸಾರ ಮಾಡಬೇಡಿ. ಸಾಮಾನು ವಾಪಸ್ ಬಂದಾಗ ಯಾವ ಬಿರುಕು ನಮ್ಮದು ಯಾವುದು ಅವರದು ಅಂತ ಹೇಳೋಕೆ ಅದೊಂದೇ ಸಾಕ್ಷಿ. ಮಾರಾಟವಾದರೆ ಅವರ ಕಮಿಷನ್ ಅರ್ಧಕ್ಕೆ ಹತ್ತಿರ. ಯಾವ ಬಗೆಯ ಶಿಲ್ಪ ಅನ್ನೋ ಕಡೆ ಒಂದು ಆಯ್ಕೆ 'ಮೊಬೈಲ್' ಅಂತ ಇತ್ತು. ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಮಾಡಿದ ತೂಗಾಡುವ ಶಿಲ್ಪಗಳಿಗೆ 1931ರಲ್ಲಿ ಮಾರ್ಸೆಲ್ ದ್ಯುಶಾಂ ಇಟ್ಟ ಹೆಸರು ಅದು. ಪಕ್ಕದಲ್ಲಿ ಕೂತಿದ್ದ ಅಪ್ಪ ಆ ಖಾಲಿ ಜಾಗದಲ್ಲಿ ನನ್ನ ಫೋನ್ ನಂಬರ್ ಬರೆದುಬಿಟ್ಟಿದ್ದರು.

ಟಾಟಾ ಏಸ್‌ನಲ್ಲಿ ಹಾಸಿಗೆ ಹಾಸಿ, ಚಕ್ರ ಮಲಗಿಸಿ, ರಾತ್ರಿಯಿಡೀ ಪ್ರಯಾಣ. ಎರಡು ರೆಕ್ಕೆ ಮುರಿದವು. ಡಬ್ಬಿಯಲ್ಲಿ ಹುಣಸೆ ಬೀಜದ ಅಂಟು ತಂದಿದ್ದೆ, ಒಂದು ಚಿಟಿಕೆ ಮೈಲುತುತ್ತ ಹಾಕಿ ಕಾಕಾ ಕೊಟ್ಟದ್ದು, ಬೂಸ್ಟು ಹಿಡಿಯದಿರಲಿ ಅಂತ. ಬೆಳಿಗ್ಗೆ ಆರಕ್ಕೆ ಗ್ಯಾಲರಿ ಮೆಟ್ಟಿಲ ಮೇಲೆ ಕೂತು ಅಂಟಿಸಿದೆ.

ಒಳಗೆ ಹೋದರೆ ಬಿಳಿ ಗೋಡೆ, ಮೇಲೆ ಗಾಜಿನ ಚಾವಣಿ. ಕತ್ತಲೆ ಬೇಕು ಅಂತ ಫಾರ್ಮಿನಲ್ಲಿ ಬರೆದಿದ್ದೆ, ಯಾರೂ ಓದಿರಲಿಲ್ಲ. ಮುಖವಾಡ ತೂಗುಹಾಕಿ ಚಾಲೂ ಮಾಡಿದೆ. ಬಟ್ಟಲು! ಬಣ್ಣ ಬಳಿದ ಬಟ್ಟಲೊಂದು ಗಿರಗಿರ ತಿರುಗ್ತಾ ಇದೆ. ಮೈಯೆಲ್ಲಾ ತಣ್ಣಗಾಯಿತು ನನಗೆ. ಕೊಪ್ಪಳದಲ್ಲಿ ನೂರು ಸಲ ಕಂಡದ್ದು ಇಲ್ಲಿ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಅವರ ಸ್ಪಾಟ್‌ಲೈಟ್ ಎಲ್ಲಾ ಮೇಲಿಂದ. ಬೆಳಕು ಮೇಲಿಂದ ಬರುತ್ತದೆ ಅಂತಲೇ ನಮ್ಮ ಕಣ್ಣು ನಂಬಿರುತ್ತದೆ. ತಗ್ಗಿಗೆ ಮೇಲಿಂದ ಬೆಳಕು ಬಿಟ್ಟರೆ ನೆರಳು ಬೀಳಬಾರದ ಕಡೆ ಬೀಳುತ್ತದೆ. ಅದೇ ಬೆಳಕನ್ನು ಕೆಳಗಿಂದ ಕೊಟ್ಟರೆ, ತಗ್ಗು ಮುಖ ಮೇಲಿಂದ ಬೆಳಕು ಬಿದ್ದ ಉಬ್ಬು ಮುಖದ ಹಾಗೇ ಕಾಣುತ್ತದೆ. ಕಾಕಾ ಮನೆಯಲ್ಲಿ ದೀಪ ನೆಲದ ಮೇಲಿತ್ತು, ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ಸಾರ್, ನಮ್ಮಲ್ಲಿ ನೆಲದ ಮೇಲೆ ಲೈಟ್ ಇಡೋ ಹಾಗಿಲ್ಲ, ವಿಸಿಟರ್ಸ್ ಎಡವ್ತಾರೆ" ಅಂದ ಹುಡುಗ. ಎರಡು ಗಂಟೆ ಮಾತುಕತೆ. ಕೊನೆಗೆ ಪೀಠದೊಳಗೇ ಸಣ್ಣ ದೀಪ ಅಡಗಿಸಿ, ಚಕ್ರದ ಸುತ್ತ ಕಪ್ಪು ಬಟ್ಟೆಯ ಗುಡಾರ ಕಟ್ಟಿ, ಉದ್ಘಾಟನೆಗೆ ಅರ್ಧ ಗಂಟೆ ಇರುವಾಗ ಕೈ ತೊಳೆದುಕೊಂಡೆ.

ಮೂರನೇ ದಿನ ಆ ಫೋನ್ ಬಂತು.

ಅವತ್ತು ರಾತ್ರಿಯೇ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ, ಅಪ್ಪ ಜೊತೆಗೆ ಬಂದರು, ಕೈಯಲ್ಲಿ ಎಣ್ಣೆ ಡಬ್ಬಿ ಮತ್ತು ಬೇರಿಂಗ್. ಬುಶ್ ಒಣಗಿ ಬಿಗಿಯಾಗಿತ್ತು. ಚಕ್ರ 45ರಿಂದ 43ಕ್ಕೆ ಇಳಿದಿತ್ತು, ಅಷ್ಟೇ. ಆದರೆ ದೀಪ ಮಾತ್ರ ತನ್ನ ಪಾಡಿಗೆ 12 ಸಲ ಮಿಣುಕುತ್ತಿತ್ತು. ಪ್ರತಿ ಮಿಣುಕಿಗೂ ಗರುಡ ತನ್ನ ಜಾಗಕ್ಕೆ ಒಂಚೂರು ತಡವಾಗಿ ಬರ್ತಿತ್ತು, ಹಾಗಾಗಿ ಹಿಂದೆ ಸರಿದ ಹಾಗೆ. ನಾನು ಮೋಟರಿನ ವೇಗ ಸರಿಮಾಡಲು ರೆಗ್ಯುಲೇಟರ್ ತಿರುವಲು ಹೊರಟೆ. ಅಪ್ಪ ತಡೆದರು. "ಇವತ್ತು ತಿರುವ್ತಿ, ನಾಳೆ ಯಾರ್ ತಿರುವ್ತಾರ? ಚಕ್ರದ ಮಾತು ದೀಪ ಕೇಳ್ಲಿ." ಚಕ್ರದ ಕೆಳಗೆ 16 ಸಣ್ಣ ಅಯಸ್ಕಾಂತ ಅಂಟಿಸಿ, ಅಯಸ್ಕಾಂತ ಹತ್ತಿರ ಬಂದದ್ದು ಗುರುತಿಸುವ ಒಂದು ಹಾಲ್ ಸೆನ್ಸರ್ ಇಟ್ಟೆವು. ಅಯಸ್ಕಾಂತ ದಾಟಿದಾಗಲೇ ದೀಪ ಮಿಣುಕುತ್ತದೆ. ಚಕ್ರ ನಿಧಾನ ಆದರೆ ರೆಕ್ಕೆಯೂ ನಿಧಾನ, ಗರುಡ ಮಾತ್ರ ಜಾಗ ಬಿಡೋದಿಲ್ಲ. ಸರ್ಕ್ಯೂಟ್ ಮಾಡುವ ಎಲ್ಲರಿಗೂ ಗೊತ್ತಿರುವ ವಿಷಯ ಇದು, ನನಗೆ ಹೊಳೆದಿರಲಿಲ್ಲ.

1960ರಲ್ಲಿ ಜ್ಯಾಂ ಟಿಂಗ್ಲಿ ಅನ್ನೋ ಸ್ವಿಸ್ ಶಿಲ್ಪಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅಂಗಳದಲ್ಲಿ ತನ್ನನ್ನು ತಾನೇ ಒಡೆದುಕೊಳ್ಳುವ ಯಂತ್ರ ನಿಲ್ಲಿಸಿದ್ದ. ಅದೂ ಅವನು ಅಂದುಕೊಂಡ ಹಾಗೆ ಒಡೆಯಲಿಲ್ಲ, ಬೆಂಕಿ ಹತ್ತಿ ಕೊನೆಗೆ ಆರಿಸಬೇಕಾಯಿತು. ವಾಪಸ್ ಬರುವಾಗ ರೈಲಿನಲ್ಲಿ ಅಪ್ಪನಿಗೆ ಈ ಕಥೆ ಹೇಳಿದೆ. "ರೊಕ್ಕ ಕೊಟ್ಟಿದ್ರೇನು ಅದಕ್ಕ?" ಅಂತ ಕೇಳಿ ಮಗ್ಗುಲಾದರು.

ಆಮೇಲೆ ಒಂದು ಮ್ಯೂಸಿಯಂನವರು ಮೂರು ತಿಂಗಳಿಗೆ ಕೇಳಿದರು. ಗ್ಯಾಲರಿ ಹತ್ತು ದಿನದ ಮದುವೆ ಮನೆ, ಮ್ಯೂಸಿಯಂ ಸಂಸಾರ. ಲೆಕ್ಕ ಹಾಕಿ: ನಿಮಿಷಕ್ಕೆ 45 ಸುತ್ತು, ದಿನಕ್ಕೆ 8 ಗಂಟೆ, 21,600 ಸುತ್ತು. ವಾರಕ್ಕೆ ಆರು ದಿನದಂತೆ 13 ವಾರಕ್ಕೆ ಸುಮಾರು 17 ಲಕ್ಷ. ನನ್ನ ಬೆಲ್ಟಿಗೆ ಆ ಆಯುಷ್ಯ ಇರಲಿಲ್ಲ. ಎದುರಿಗೆ ಜನ ಬಂದಾಗ ಮಾತ್ರ 40 ಸೆಕೆಂಡ್ ಓಡಿ ನಿಲ್ಲುವ ಹಾಗೆ ಸೆನ್ಸರ್ ಹಾಕಿದೆವು. ಅವರು ಇನ್ನೊಂದು ಕೇಳಿದರು, ನಾನು ಯೋಚಿಸಿಯೇ ಇರದಿದ್ದದ್ದು: ಫಿಟ್ಸ್ ಬರುವವರಿಗೆ ಇದು ತೊಂದರೆ ಕೊಡುತ್ತಾ? ಕೊಡಬಹುದು. ಸೆಕೆಂಡಿಗೆ 3ರಿಂದ 30 ಸಲ ಮಿಣುಕುವ ಬೆಳಕು ಫಿಟ್ಸ್ ಇರುವ ಕೆಲವರಿಗೆ ಅದನ್ನು ಕೆರಳಿಸಬಲ್ಲದು, ನನ್ನದು 12, ಸರಿಯಾಗಿ ನಡುವೆ. ಗುಡಾರದ ಹೊರಗೆ, ಒಳಗಲ್ಲ, ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಿದೆವು. ಮೊದಲಿನ ಹತ್ತು ದಿನ ಆ ಬೋರ್ಡ್ ಇಲ್ಲದೇ ನಡೆಸಿದ್ದೆ ಅನ್ನೋದು ಈಗಲೂ ಚುಚ್ಚುತ್ತದೆ. ಏನೂ ಆಗಲಿಲ್ಲ ಅನ್ನೋದು ನನ್ನ ಜಾಣತನ ಅಲ್ಲ.

ಮೂರು ತಿಂಗಳಲ್ಲಿ ಚಕ್ರ ನಿಂತದ್ದು ಒಂದೇ ಸಲ, ಯಾವುದೋ ಮಗುವಿನ ಬಲೂನ್ ಬೆಲ್ಟಿಗೆ ಸಿಕ್ಕು. ಕಾಕಾ ಒಂದು ದಿನ ಬಂದು ನೋಡಿದರು. ಗರುಡನ ಮುಂದೆ ಒಂದು ನಿಮಿಷ, ಮುಖವಾಡದ ಮುಂದೆ ಅರ್ಧ ತಾಸು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರಿಗೆ "ಒಂದು ಕಣ್ಣು ಮುಚ್ಚಿ ನೋಡ್ರವ್ವಾ" ಅಂತ ಹೇಳಿಕೊಡ್ತಿದ್ದರು. ಮುಗಿಸಿ ಹೊರಡುವಾಗ ನನ್ನ ಕಿವಿಯಲ್ಲಿ, "ವಾರ್ನಿಶ್ ಇದ್ದಿದ್ರ ಇನ್ನೂ ಛಲೋ ಕಾಣ್ತಿತ್ತು" ಅಂದರು.

ಚಕ್ರ ಮಾರಾಟವಾಯಿತು. ಮುಖವಾಡವನ್ನು ಯಾರೂ ತಗೊಳ್ಳಲಿಲ್ಲ, ಮನೆಗೆ ತಂದು ನಡುಮನೆಯ ಮೊಳೆಗೆ ಹಾಕಿದೆ, ಮೋಟರ್ ಇಲ್ಲದೆ. ಎರಡು ದಿನ ಬಿಟ್ಟು ನೋಡಿದರೆ ಅವ್ವ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದಳು. ಯಾಕವ್ವಾ ಅಂದೆ. "ಅಡಗಿ ಮನಿಗೆ ಹೋಗೋವಾಗ ಬರೋವಾಗ ದಿಟ್ಟಿಸಿ ನೋಡ್ತೈತಿ, ಅದಕ್ಕ ತಿರುವಿದೆ." ತಿರುವಿದ್ದಕ್ಕೆ ಈಗ ತಗ್ಗಿನ ಕಡೆ ಹೊರಗೆ ಬಂದಿತ್ತು. ಉಬ್ಬಿದ ಮುಖ ಬರೀ ನೆಟ್ಟಗೆ ನೋಡ್ತಿತ್ತು, ಇದು ಅವ್ವ ಹೋದ ಕಡೆಗೆಲ್ಲಾ ತಿರುಗಿ ನೋಡುತ್ತದೆ.

ಮರುದಿನ ಬೆಳಿಗ್ಗೆ ಅದರ ಮೇಲೆ ಅಪ್ಪನ ಟವೆಲ್ ಇತ್ತು.